ಟೆಂಡರಿನ ಒಂದು ಸಾಲು

(ಮಂಗಳೂರಿನ ಕಾಲೇಜೊಂದರಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಎದುರು ವ್ಯಾಪಾರ, ಪರಿಸರ ಮತ್ತು ಸರ್ಕಾರಿ ಖರೀದಿಯ ಬಗ್ಗೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವಾಗ ಒಂದು ಹಂಚು ತಂದಿದ್ದೇನೆ. ಮೊದಲನೇ ಬೆಂಚಿನಿಂದ ಹಿಂದಕ್ಕೆ ದಾಟಿಸಿ. ಎರಡೂ ಕೈಯಲ್ಲಿ ಹಿಡಿಯಿರಿ, ಸ್ವಲ್ಪ ಭಾರ ಇದೆ. ನಮ್ಮ ಹಳೇ ಮನೆಯ ಮಾಡು ಇಳಿಸಿದಾಗ ತೆಗೆದಿಟ್ಟದ್ದು ಇದು. ಹಿಂಬದಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿದೆ, ಅರ್ಧ ಸವೆದುಹೋಗಿದೆ. ಅಂಚಿನಲ್ಲಿ ಬೆರಳು ಆಡಿಸಿ. ಒಂದು ಬದಿ ತೋಡಿನ ಹಾಗೆ ತಗ್ಗು, ಇನ್ನೊಂದು ಬದಿ ಏಣು. ಒಂದು ಹಂಚಿನ ಏಣು ಪಕ್ಕದ ಹಂಚಿನ ತೋಡಿಗೆ ಕೂತುಕೊಳ್ಳುತ್ತದೆ. ಪಕ್ಕಾಸು, ರೀಪು ಅನ್ನುವ ಮರದ ಪಟ್ಟಿಗಳನ್ನು ಹೊಡೆದು ಮೇಲೆ ಜೋಡಿಸುತ್ತಾ ಹೋದರೆ ಆಯಿತು. ನಡುವೆ ಸಿಮೆಂಟು ಬೇಡ. ಬೇಕಾದಾಗ ಒಂದೊಂದಾಗಿ ಬಿಡಿಸಿ ತೆಗೆಯಬಹುದು. ಈ ಮಾತು ನೆನಪಿರಲಿ, ಕೊನೆಯಲ್ಲಿ ಇದಕ್ಕೆ ಮತ್ತೆ ಬರುತ್ತೇನೆ.

ಈ ಹಂಚಿನ ಹುಟ್ಟೂರು ಇಲ್ಲೇ, ನೇತ್ರಾವತಿ ದಡದ ಜೆಪ್ಪು. ಬಾಸೆಲ್ ಮಿಶನ್ನಿನವರು 1865ರಲ್ಲಿ ಅಲ್ಲಿ ಕಾರ್ಖಾನೆ ಹಾಕಿದರು. ಮುಂದೆ ಊರಿನವರೂ ಹಾಕಿದರು, ಹಂಚು ಹಡಗು ಹತ್ತಿ ಹೊರದೇಶಗಳಿಗೆ ಹೋಯಿತು. ಭಾರತೀಯ ಮಾನಕ ಬ್ಯೂರೋದ ಪಟ್ಟಿಯಲ್ಲಿ ಇದಕ್ಕೊಂದು ನಂಬರು ಇದೆ: ಐಎಸ್ 654. ಆ ಮಾನದಂಡದ ತಲೆಬರಹದಲ್ಲೇ 'ಮಂಗಳೂರು ಮಾದರಿ' ಎಂದು ನಮ್ಮ ಊರಿನ ಹೆಸರಿದೆ. ದೆಹಲಿಯಲ್ಲಿ ಕೂತ ಇಂಜಿನಿಯರ್ ಕೂಡ ಈ ಹಂಚು ಬೇಕಾದರೆ ಮಂಗಳೂರು ಅಂತಲೇ ಬರೆಯಬೇಕು. ನನಗೆ ಇದು ಹೆಮ್ಮೆಯ ವಿಷಯ.

ಆ ಮಾನದಂಡ ಏನು ಕೇಳುತ್ತದೆ? ಹಂಚಿನ ಉದ್ದ ಅಗಲ ಸರಿ ಇದೆಯಾ, ನೀರಲ್ಲಿ ನೆನೆಸಿದರೆ ಎಷ್ಟು ನೀರು ಕುಡಿಯುತ್ತದೆ, ಎಷ್ಟು ಭಾರ ಹಾಕಿದರೆ ಮುರಿಯುತ್ತದೆ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಇನ್ನು ಇದಕ್ಕೆ ಆವೆಮಣ್ಣು ಯಾರ ಗದ್ದೆಯಿಂದ ಬಂತು, ಸುಡುವುದಕ್ಕೆ ಎಷ್ಟು ಸೌದೆ ಉರಿಯಿತು, ಮಣ್ಣು ತೆಗೆದ ಗುಂಡಿ ಏನಾಯಿತು? ಈ ಪ್ರಶ್ನೆಗಳಿಗೆ ಹಂಚನ್ನು ತಿರುಗಿಸಿ ತಿರುಗಿಸಿ ನೋಡಿದರೂ ಉತ್ತರ ಸಿಗುವುದಿಲ್ಲ. ಒಳ್ಳೆ ರೀತಿಯಲ್ಲಿ ಮಾಡಿದ ಹಂಚು, ಕೆಟ್ಟ ರೀತಿಯಲ್ಲಿ ಮಾಡಿದ ಹಂಚು, ಎರಡೂ ಕೈಗೆ ಒಂದೇ.

ವ್ಯಾಪಾರ ಮತ್ತು ಪರಿಸರದ ಜಗಳ ಇಡೀ ಪ್ರಪಂಚದಲ್ಲಿ ಹೆಚ್ಚಾಗಿ ನಡೆಯುವುದು ಇದೇ ಜಾಗದಲ್ಲಿ. ವಸ್ತು ಹೇಗಿದೆ ಅಂತ ಕೇಳುವ ಹಕ್ಕು ಕೊಳ್ಳುವ ದೇಶಕ್ಕೆ ಇದೆ, ಅದನ್ನು ಎಲ್ಲರೂ ಒಪ್ಪುತ್ತಾರೆ. ಹೇಗೆ ಮಾಡಿದಿರಿ ಅಂತ ಕೇಳುವ ಹಕ್ಕು ಇದೆಯಾ?

ಇದಕ್ಕೆ ಉತ್ತರ ಹುಡುಕಲು ಮಲ್ಪೆ ಬಂದರಿಗೋ ನಮ್ಮ ಮಂಗಳೂರಿನ ಮೀನುಗಾರಿಕಾ ಧಕ್ಕೆಗೋ ಹೋಗೋಣ. ಸಿಗಡಿ ಹಿಡಿಯುವ ಟ್ರಾಲ್ ಬಲೆ ನೀವೆಲ್ಲ ನೋಡಿರುತ್ತೀರಿ. ಬಾಯಿ ಅಗಲ, ಹಿಂದಕ್ಕೆ ಹೋದ ಹಾಗೆ ಚೀಲದ ಥರ ಕಿರಿದಾಗುತ್ತದೆ. ಬೋಟು ಅದನ್ನು ಗಂಟೆಗಟ್ಟಲೆ ಎಳೆಯುತ್ತದೆ. ಕಡಲಾಮೆ ಮೀನಿನ ಹಾಗಲ್ಲ, ಅದಕ್ಕೆ ಶ್ವಾಸಕೋಶ ಇದೆ, ಉಸಿರಿಗೆ ಮೇಲೆ ಬರಲೇಬೇಕು. ಬಲೆಯೊಳಗೆ ಸಿಕ್ಕಿದರೆ ಉಸಿರುಕಟ್ಟಿ ಸಾಯುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಟೆಡ್ (ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್), ಅಂದರೆ ಆಮೆಯನ್ನು ಹೊರಗೆ ಬಿಡುವ ಸಾಧನ. ಉಕ್ಕಿನ ಸರಳುಗಳ ಒಂದು ದುಂಡನೆಯ ಚೌಕಟ್ಟು ಅದು. ಚೀಲಕ್ಕಿಂತ ಮುಂಚೆ ಅದನ್ನು ಓರೆಯಾಗಿ ಕಟ್ಟುತ್ತಾರೆ. ಸಿಗಡಿ ಸರಳಿನ ಸಂದಿಯಲ್ಲಿ ಒಳಗೆ ಹೋಗುತ್ತದೆ. ಆಮೆ ಸರಳಿಗೆ ತಾಗಿ, ಜಾರಿ, ಪಕ್ಕದಲ್ಲಿ ಬಿಟ್ಟ ಕಿಂಡಿಯಿಂದ ಹೊರಗೆ ಹೋಗುತ್ತದೆ. ಅಷ್ಟೇ ಸರಳ. ಆಮೆಯ ಜೊತೆ ಸ್ವಲ್ಪ ಮೀನೂ ಹೋಗುತ್ತದೆ ಅನ್ನುವುದು ಮೀನುಗಾರರ ದೂರು. ಡೀಸೆಲ್ ದರ ಗೊತ್ತಿದ್ದವರು ಆ ದೂರನ್ನು ಹಗುರ ಮಾಡಬಾರದು.

1989ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಆಮೆಯನ್ನು ಉಳಿಸುವ ವ್ಯವಸ್ಥೆ ಇಲ್ಲದ ದೇಶಗಳಿಂದ ಸಮುದ್ರದ ಸಿಗಡಿ ಬೇಡ ಅಂತ. ಮೊದಲು ಕೆರಿಬಿಯನ್ ಕಡೆಯ ದೇಶಗಳಿಗೆ ಮಾತ್ರ ಅನ್ವಯಿಸಿ, ಅವಕ್ಕೆ ಮೂರು ವರ್ಷ ಸಮಯ ಕೊಟ್ಟರು. 1996ರಲ್ಲಿ ಇಡೀ ಪ್ರಪಂಚಕ್ಕೆ ವಿಸ್ತರಿಸಿದಾಗ ನಮ್ಮಂಥ ದೇಶಗಳಿಗೆ ಸಿಕ್ಕಿದ್ದು ಬರೀ ನಾಲ್ಕು ತಿಂಗಳು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟೆ ಹತ್ತಿದವು. 1998ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಮೇಲ್ಮನವಿ ಮಂಡಳಿ ತೀರ್ಪು ಕೊಟ್ಟಿತು. ಅಮೆರಿಕ ಸೋತಿತು.

ಯಾಕೆ ಸೋತಿತು ಅನ್ನುವುದನ್ನು ಗಮನ ಇಟ್ಟು ಕೇಳಿ. ಆಮೆ ಉಳಿಸಲು ವ್ಯಾಪಾರಕ್ಕೆ ಷರತ್ತು ಹಾಕಿದ್ದು ತಪ್ಪು ಅಂತ ಮಂಡಳಿ ಹೇಳಲಿಲ್ಲ. ವಸ್ತುಗಳ ವ್ಯಾಪಾರಕ್ಕೆ ದೇಶಗಳು ಮಾಡಿಕೊಂಡ ಗ್ಯಾಟ್ ಒಪ್ಪಂದದ 20ನೇ ವಿಧಿಯಲ್ಲಿ ಮುಗಿದುಹೋಗಬಹುದಾದ ನೈಸರ್ಗಿಕ ಸಂಪತ್ತಿನ ರಕ್ಷಣೆಗೆ ಜಾಗ ಇದೆ, ಆಮೆ ಅದರೊಳಗೆ ಬರುತ್ತದೆ ಎಂದು ಒಪ್ಪಿತು. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು ನ್ಯಾಯ ಮಾಡಿದ್ದು ತಪ್ಪು ಎಂದಿತು. ಅಮೆರಿಕ ಆ ತಪ್ಪನ್ನು ತಿದ್ದಿಕೊಂಡಿತು. 2001ರಲ್ಲಿ ಅದೇ ಕಾನೂನಿಗೆ ಅದೇ ಸಂಸ್ಥೆಯಿಂದ ಒಪ್ಪಿಗೆ ಸಿಕ್ಕಿತು. ನಾವು ಗೆದ್ದೆವು ಅಂತ ಖುಷಿಪಟ್ಟ ಮೊಕದ್ದಮೆಯಲ್ಲಿ ನಿಜವಾಗಿ ಗೆದ್ದದ್ದು ಷರತ್ತು.

ಆಮೇಲೆ ಏನಾಯಿತು? ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗೆ ಹೊಂದುವ ಟೆಡ್ ತಯಾರು ಮಾಡಿತು. ಆದರೆ ಬೋಟುಗಳಿಗೆ ಅದು ಹತ್ತಲಿಲ್ಲ. 2019ರಲ್ಲಿ ಅಮೆರಿಕ ನಮ್ಮ ಸಮುದ್ರದ ಸಿಗಡಿಗೆ ಬಾಗಿಲು ಹಾಕಿತು. ದೇಶದ ರಫ್ತಿನ ಒಟ್ಟು ಲೆಕ್ಕದಲ್ಲಿ ಇದು ಎದ್ದು ಕಾಣುವುದಿಲ್ಲ. ಯಾಕಂದ್ರೆ ನಮ್ಮಿಂದ ಅಮೆರಿಕಕ್ಕೆ ಹೋಗುವ ಸಿಗಡಿಯಲ್ಲಿ ಹೆಚ್ಚಿನ ಪಾಲು ಆಂಧ್ರದ ಕಡೆಯ ಕೆರೆಗಳಲ್ಲಿ ಸಾಕಿದ್ದು. ಪೆಟ್ಟು ಬಿದ್ದದ್ದು ಸಮುದ್ರಕ್ಕೆ ಹೋಗುವ ಬೋಟಿನವನಿಗೆ. ಒಟ್ಟು ಲೆಕ್ಕದಲ್ಲಿ ಕಾಣದ ನಷ್ಟ ಯಾವಾಗಲೂ ಸಣ್ಣವರದ್ದೇ ಆಗಿರುತ್ತದೆ ಅಲ್ವಾ?

ನಾಲ್ಕು ತಿಂಗಳ ಗಡುವಿನ ವಿರುದ್ಧ ಭಾರತ ಹೋರಾಡಿದ್ದು ಸರಿ. ಈಗಲೂ ಸರಿ ಅಂತಲೇ ಹೇಳುತ್ತೇನೆ. ಆದರೆ ಆ ಹೋರಾಟದ ನಂತರದ ಇಪ್ಪತ್ತು ವರ್ಷದಲ್ಲಿ ಆಮೆಯನ್ನು ನಮ್ಮ ಆಮೆ ಅಂತ ಕಂಡು, ನಮ್ಮದೇ ನಿಯಮ ಗಟ್ಟಿ ಮಾಡಿಕೊಳ್ಳಬೇಕಿತ್ತು. ಟೆಡ್‌ನ ಖರ್ಚು, ಮೀನಿನ ನಷ್ಟ, ಎರಡನ್ನೂ ಸರ್ಕಾರ ಹೊತ್ತುಕೊಂಡು ಬೋಟಿನವರ ಜೊತೆ ಕೂತು ಮಾಡಬೇಕಿತ್ತು. ಕುಂದಾಪುರದ ಕೋಡಿ ಕಡಲತೀರದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಮರಿಗಳು ನೀರಿಗೆ ಇಳಿಯುವಾಗ ಊರಿನ ಜನರೇ ನಿಂತು ಕಾಯುತ್ತಾರೆ. ಮರಳಿನ ಮೇಲೆ ನಮ್ಮವರು ಕಾಯುವ ಆಮೆಗೆ ನೀರಿನೊಳಗೆ ಅಮೆರಿಕದ ಕಾನೂನು ಯಾಕೆ ಬೇಕಾಯಿತು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ಕಾಫಿಯದ್ದೂ ಇದೇ ದಾರಿ. ಚಿಕ್ಕಮಗಳೂರು, ಕೊಡಗಿನ ಕಾಫಿ ಘಟ್ಟ ಇಳಿದು ನಮ್ಮ ಪಣಂಬೂರಿನ ಬಂದರಿಗೆ ಬರುತ್ತದೆ. ದೊಡ್ಡ ಪಾಲು ಯುರೋಪಿಗೆ ಹೋಗುತ್ತದೆ. 2023ರಲ್ಲಿ ಐರೋಪ್ಯ ಒಕ್ಕೂಟ ಒಂದು ನಿಯಮ ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ರಬ್ಬರ್, ಕೋಕೋ, ಮರ ಇಂಥದ್ದೆಲ್ಲ ಅಲ್ಲಿನ ಮಾರುಕಟ್ಟೆಗೆ ಬರುವಂತಿಲ್ಲ. ಯಾವ ತೋಟದ್ದು ಅಂತ ಅಕ್ಷಾಂಶ ರೇಖಾಂಶ ಸಮೇತ ಹೇಳಬೇಕು. ನಾಲ್ಕು ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ತೋಟದ ಗಡಿಯನ್ನೇ ಗುರುತಿಸಿ ಕೊಡಬೇಕು. ಜಾರಿ ಮಾಡುವ ದಿನ ಮುಂದೆ ಹೋಗುತ್ತಾ ಇದೆ, ನಿಯಮ ಮಾತ್ರ ರದ್ದಾಗಿಲ್ಲ. ನಮ್ಮ ಬೆಳೆಗಾರರು ನೆರಳಿನ ಮರದ ಕೆಳಗೆ ಕಾಫಿ ಬೆಳೆಯುವವರು. ಬಹುಪಾಲು ಸಣ್ಣ ಹಿಡುವಳಿ. ಕಾಡು ಕಡಿಯದವನೇ ತಾನು ಕಡಿದಿಲ್ಲ ಅಂತ ಕಾಗದ ಹೊಂದಿಸಿ ತೋರಿಸಬೇಕು. ಆ ಕಾಗದದ ಖರ್ಚು ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಒಂದೇ ಥರ ತಾಗುವುದಿಲ್ಲ. ಉಕ್ಕು, ಅಲ್ಯುಮಿನಿಯಂ, ಸಿಮೆಂಟಿಗೆ ಇದೇ ಒಕ್ಕೂಟದ ಇಂಗಾಲದ ಸುಂಕ (ತಯಾರಿಸುವಾಗ ಹೊರಬಿಟ್ಟ ಇಂಗಾಲಕ್ಕೆ ಹಾಕುವ ಶುಲ್ಕ) 2026ರ ಜನವರಿಯಿಂದ ಶುರುವಾಗಿದೆ. ಅದು ಬೇರೆಯೇ ಒಂದು ಉಪನ್ಯಾಸದಷ್ಟು ಇದೆ, ಬಿಡುತ್ತೇನೆ.

ಒಬ್ಬ ಹುಡುಗಿ ಇಲ್ಲಿ ಕೈ ಎತ್ತಿದಳು. "ಸರ್, ನಮ್ಮ ಮನೆಯಲ್ಲಿ ಅಡಿಕೆ ಹಾಳೆ ತಟ್ಟೆ ಮಾಡ್ತಾರೆ. ಅದು ಪರಿಸರಕ್ಕೆ ಒಳ್ಳೇದೇ ಅಲ್ವಾ? ಅದನ್ನೂ ಅಮೆರಿಕದವರು ಬೇಡ ಅಂದರಲ್ಲ?"

ಈ ಪ್ರಶ್ನೆಗೆ ನಾನು ಜಾಸ್ತಿ ಹೊತ್ತು ನಿಂತೆ. ನಮ್ಮ ಜಿಲ್ಲೆಯ ಮನೆಮನೆಯ ವಿಷಯ ಅದು. ತೋಟದಲ್ಲಿ ಬಿದ್ದ ಹಾಳೆ ಹೆಕ್ಕಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಒಂದು ಮರ ಕಡಿಯುವುದು ಬೇಡ, ಒಂದು ಹನಿ ಪ್ಲಾಸ್ಟಿಕ್ ಬೇಡ. ಅನುಪತ್ಯಗಳಲ್ಲಿ, ಅಂದರೆ ಮದುವೆ ಮುಂಜಿಯಂಥ ಸಮಾರಂಭಗಳಲ್ಲಿ, ಎಷ್ಟು ಸಲ ಅದರಲ್ಲಿ ಉಂಡಿದ್ದೇವೆ. 2023ರಲ್ಲಿ ನಮ್ಮ ಮಾನಕ ಬ್ಯೂರೋ ಕೃಷಿ ಉಪವಸ್ತುಗಳಿಂದ ಮಾಡಿದ ಊಟದ ಪಾತ್ರೆಗಳಿಗೆ ಒಂದು ಮಾನದಂಡವನ್ನೂ ತಂದಿತು, ಹಾಳೆಯೂ ಅದರಲ್ಲಿ ಸೇರಿದೆ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಅಂತ ಹೇಳಿ ಆಮದನ್ನು ತಡೆಯಿತು.

ಸಿಟ್ಟು ಬರುವುದು ಸಹಜ. ಆದರೆ ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು. ಪರಿಸರಕ್ಕೆ ಒಳ್ಳೆಯದು ಅನ್ನುವುದು ಒಂದು ಪ್ರಶ್ನೆಯ ಉತ್ತರ. ಊಟಕ್ಕೆ ಸುರಕ್ಷಿತವಾ ಅನ್ನುವುದು ಇನ್ನೊಂದು ಪ್ರಶ್ನೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಲ್ಯಾಬಿಗೆ ಹೋಗಬೇಕು. ಬಿಸಿ ಸಾರು ಹಾಕಿ, ಹುಳಿ ಹಾಕಿ, ಎಣ್ಣೆ ಹಾಕಿ, ಎಷ್ಟು ಹೊತ್ತಿಗೆ ಏನು ಇಳಿಯುತ್ತದೆ ಅಂತ ನಾವೇ ಅಳೆದು, ಆ ಅಂಕಿಯನ್ನು ಮಾನದಂಡದೊಳಗೆ ಇಟ್ಟು, ಎದುರಿಗೆ ಇಡಬೇಕು. ಹಾಳೆ ನಮ್ಮದು, ಅಡಿಕೆ ನಮ್ಮದು. ಇದರ ಬಗ್ಗೆ ಪ್ರಪಂಚದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕಾದವರು ನಾವು. ತಟ್ಟೆ ಒತ್ತುವ ಮನೆಯವರಿಂದ ಆ ಪರೀಕ್ಷೆಯ ಖರ್ಚು ಆಗುವ ಮಾತಲ್ಲ. ಅದು ಸರ್ಕಾರದ ಕೆಲಸ.

ಇಷ್ಟು ಹೊತ್ತು ಬೇರೆಯವರ ಷರತ್ತಿನ ಮಾತಾಯಿತು. ಈಗ ನಮ್ಮ ಕೈಯಲ್ಲಿರುವುದಕ್ಕೆ ಬರೋಣ.

ಭಾರತ 1991ರಲ್ಲೇ ಪರಿಸರಸ್ನೇಹಿ ವಸ್ತುಗಳಿಗೆ ಇಕೋಮಾರ್ಕ್ ಅನ್ನುವ ಗುರುತು ಮಾಡಿತು. ಅದರ ಚಿಹ್ನೆ ಮಣ್ಣಿನ ಮಡಕೆ. ಎಷ್ಟು ಚಂದದ ಚಿಹ್ನೆ! ನಿಮ್ಮಲ್ಲಿ ಯಾರಾದರೂ ಅಂಗಡಿಯಲ್ಲಿ ಆ ಮಡಕೆ ನೋಡಿದ್ದೀರಾ ಎಂದು ಕೇಳಿದೆ. ಒಂದು ಕೈಯೂ ಮೇಲೆ ಬರಲಿಲ್ಲ. ಅದೇ ಫ್ರಿಜ್ಜಿನ ಮೇಲಿನ ಸ್ಟಾರ್ ಚೀಟಿ ಕೇಳಿದರೆ ಎಲ್ಲ ಕೈ ಮೇಲೆ. ಇಕೋಮಾರ್ಕ್ ಇಷ್ಟ ಇದ್ದವರಿಗೆ ಮಾತ್ರ. ಸ್ಟಾರ್ ಚೀಟಿಯನ್ನು ಎಸಿ, ಫ್ರಿಜ್ಜುಗಳಿಗೆ ಕಡ್ಡಾಯ ಮಾಡಿದರು, 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ. 2024ರಲ್ಲಿ ಇಕೋಮಾರ್ಕಿಗೆ ಹೊಸ ನಿಯಮ ಬಂದಿದೆ. ಆದರೆ ಕೊಳ್ಳುವವರು ಯಾರೂ ಕೇಳದಿದ್ದರೆ ಮಾಡುವವನು ಯಾಕೆ ಗುರುತು ಹಾಕಿಸಿಕೊಳ್ಳುತ್ತಾನೆ?

ಎಲ್ಲರಿಗಿಂತ ದೊಡ್ಡ ಗಿರಾಕಿ ಸರ್ಕಾರ. ಕೇಂದ್ರ, ರಾಜ್ಯ, ಪಾಲಿಕೆ, ಪಂಚಾಯತ್, ಆಸ್ಪತ್ರೆ, ಹಾಸ್ಟೆಲ್ ಎಲ್ಲ ಸೇರಿ. ಇಲ್ಲೊಂದು ಅನುಕೂಲ ಇದೆ, ವಾಣಿಜ್ಯ ಓದುವವರು ಗಮನಿಸಿ. ಗ್ಯಾಟ್ ಒಪ್ಪಂದ ಸರ್ಕಾರ ತನ್ನ ಬಳಕೆಗೆ ಕೊಳ್ಳುವುದನ್ನು ಹೊರಗೆ ಇಟ್ಟಿದೆ. ಸರ್ಕಾರಿ ಖರೀದಿಗೆ ಬೇರೆ ಒಪ್ಪಂದ ಇದೆ, ಅದಕ್ಕೆ ಭಾರತ ಸಹಿ ಹಾಕಿಲ್ಲ, ವೀಕ್ಷಕನಾಗಿ ಮಾತ್ರ ಕೂತಿದೆ. ಯುಎಇ, ಬ್ರಿಟನ್ ಜೊತೆಗಿನ ಹೊಸ ಒಪ್ಪಂದಗಳಲ್ಲಿ ಸ್ವಲ್ಪ ಬಾಗಿಲು ತೆರೆದಿದ್ದೇವೆ, ಅಷ್ಟೇ. ಅಂದರೆ ಪರಿಸರದ ಷರತ್ತು ಹಾಕಲು ನಮ್ಮ ಕೈ ಎಲ್ಲಕ್ಕಿಂತ ಸಡಿಲ ಇರುವುದು ನಮ್ಮ ಸರ್ಕಾರಿ ಖರೀದಿಯಲ್ಲೇ. ಜಪಾನ್ 2000ದಲ್ಲೇ ಇದಕ್ಕೆ ಅಂತಲೇ ಒಂದು ಕಾನೂನು ಮಾಡಿಕೊಂಡಿತು.

ನಾನು ಮೂವತ್ತು ವರ್ಷ ಖರೀದಿ ವಿಭಾಗದಲ್ಲಿದ್ದವನು. ಒಂದು ಹಾಸ್ಟೆಲಿಗೆ 200 ಸೀಲಿಂಗ್ ಫ್ಯಾನ್ ಕೊಳ್ಳುವ ಸಮಿತಿಯಲ್ಲಿದ್ದೆ. ಎರಡು ಕೊಟೇಶನ್ ಎದುರಿಗಿತ್ತು. ಒಂದು 1,400 ರೂಪಾಯಿಯ ಸಾಮಾನ್ಯ ಫ್ಯಾನ್, 75 ವ್ಯಾಟ್. ಇನ್ನೊಂದು 2,650 ರೂಪಾಯಿಯ ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ವಿದ್ಯುತ್ ಎಳೆಯುವ ಮೋಟರಿನದ್ದು, 30 ವ್ಯಾಟ್. ನಮ್ಮ ಊರಿನ ಸೆಖೆ ಗೊತ್ತಲ್ಲ, ಫ್ಯಾನು ದಿನಕ್ಕೆ 12 ಗಂಟೆ ತಿರುಗಿಯೇ ತಿರುಗುತ್ತದೆ. ವರ್ಷಕ್ಕೆ 300 ದಿನ ಹಿಡಿದರೆ ಒಂದು ಫ್ಯಾನಿಗೆ 162 ಯೂನಿಟ್ ಉಳಿತಾಯ. 200 ಫ್ಯಾನಿಗೆ 32,400 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಾಕಿದರೂ ವರ್ಷಕ್ಕೆ 2 ಲಕ್ಷ 26 ಸಾವಿರದ ಮೇಲೆ. ಹೆಚ್ಚಿಗೆ ಕೊಡಬೇಕಾದದ್ದು ಒಟ್ಟು ಎರಡೂವರೆ ಲಕ್ಷ. ಹದಿಮೂರು, ಹದಿನಾಲ್ಕು ತಿಂಗಳಲ್ಲಿ ದುಡ್ಡು ವಾಪಸ್. ಆಮೇಲಿನ ವರ್ಷಗಳದ್ದೆಲ್ಲ ಉಳಿತಾಯ.

ಈ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ಸಮಿತಿಯ ಮುಂದೆ ಇಟ್ಟೆ. ಎಲ್ಲರೂ ಓದಿದರು, ಸರಿ ಇದೆ ಅಂದರು. ಕೊನೆಗೆ 1,400ರ ಫ್ಯಾನೇ ಬಂತು. ಕಡಿಮೆ ದರದವರನ್ನು ಬಿಟ್ಟು ಜಾಸ್ತಿ ದರದವರಿಗೆ ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಅದಕ್ಕೆ ಉತ್ತರ ಕೊಡುವವರು ಯಾರು ಅಂತ. ಆ ಭಯ ಸುಳ್ಳಲ್ಲ. ಸಹಿ ಹಾಕಿದವನ ಪಿಂಚಣಿ ನಿಂತದ್ದನ್ನು ನಾನೂ ನೋಡಿದ್ದೇನೆ. ಫ್ಯಾನಿನ ಬಿಲ್ಲು ಒಂದು ಖಾತೆ, ಕರೆಂಟಿನ ಬಿಲ್ಲು ಇನ್ನೊಂದು ಖಾತೆ. ಎರಡು ಖಾತೆಯವರು ಒಂದೇ ಮೇಜಿನಲ್ಲಿ ಕೂರುವುದೇ ಇಲ್ಲ.

ಮನೆಗೆ ಬಂದು ಯೋಚನೆ ಮಾಡಿದಾಗ ತಪ್ಪು ಎಲ್ಲಾಯಿತು ಅಂತ ಹೊಳೆಯಿತು. ನಾವು ಟೆಂಡರಿನಲ್ಲಿ ಬರೆದದ್ದು "1,200 ಮಿ.ಮೀ. ಸೀಲಿಂಗ್ ಫ್ಯಾನ್, 200" ಅಂತ ಮಾತ್ರ. ದರ ತೆರೆದ ಮೇಲೆ ಪರಿಸರದ ಮಾತಾಡಿದರೆ ಅದು ಪಕ್ಷಪಾತ. ದರ ಕರೆಯುವ ಮೊದಲೇ ಬರೆದರೆ ಅದು ಸ್ಪೆಸಿಫಿಕೇಶನ್. ಮುಂದಿನ ಸಲ ಇನ್ನೊಂದು ಕಟ್ಟಡಕ್ಕೆ ಕೊಳ್ಳುವಾಗ ಒಂದು ಸಾಲು ಸೇರಿಸಿದೆವು: "ಪೂರ್ತಿ ವೇಗದಲ್ಲಿ 35 ವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯಬಾರದು." ಯಾವ ಕಂಪನಿಯ ಹೆಸರೂ ಇಲ್ಲ. ಆ ಸಾಲಿಗೆ ಹೊಂದುವವರೆಲ್ಲ ದರ ಹಾಕಿದರು, ಕಡಿಮೆ ದರದವರಿಗೇ ಹೋಯಿತು. ನಿಯಮ ಮುರಿಯಲಿಲ್ಲ, ಆಡಿಟ್‌ನಲ್ಲಿ ಒಂದು ಮಾತೂ ಬರಲಿಲ್ಲ.

ಇದೇ ಕೆಲಸ ದೇಶದ ಮಟ್ಟದಲ್ಲಿ ಆದರೆ ಏನಾಗುತ್ತದೆ ಅನ್ನುವುದಕ್ಕೆ ಎಲ್‌ಇಡಿ ಬಲ್ಬು ಸಾಕ್ಷಿ. 2014ರ ಶುರುವಿನಲ್ಲಿ ಸರ್ಕಾರಿ ಕಂಪನಿ ಇಇಎಸ್‌ಎಲ್ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಳ್ಳುತ್ತಿತ್ತು. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂತು. ಕೋಟಿ ಕೋಟಿ ಬಲ್ಬುಗಳಿಗೆ ಒಂದೇ ಸ್ಪೆಸಿಫಿಕೇಶನ್ನಿನಲ್ಲಿ ಮತ್ತೆ ಮತ್ತೆ ಟೆಂಡರ್ ಕರೆದರು. 2016ಕ್ಕೆ ಖರೀದಿ ದರ 38 ರೂಪಾಯಿಗೆ ಇಳಿಯಿತು. ಮೂವತ್ತಾರು ಕೋಟಿಗೂ ಹೆಚ್ಚು ಬಲ್ಬು ಮನೆಗಳಿಗೆ ಹೋಯಿತು. ಹಳೇ ಹಳದಿ ಬಲ್ಬನ್ನು ದೇಶದಾದ್ಯಂತ ನಿಷೇಧ ಮಾಡಿ ಓಡಿಸಬೇಕಾಗಲಿಲ್ಲ. ಸರ್ಕಾರ ಗಿರಾಕಿಯಾಗಿ ಸರಿಯಾದದ್ದನ್ನು ಕೇಳಿತು, ಅಂಗಡಿ ತಾನಾಗಿ ಬದಲಾಯಿತು.

ಎಲ್ಲದಕ್ಕೂ ಹೀಗೆ ಆಗುವುದಿಲ್ಲ, ಅದೂ ಗೊತ್ತಿರಲಿ. ವ್ಯಾಟ್ ಮೀಟರಿನಲ್ಲಿ ಅಳೆಯಬಹುದು. ಮರಳು ಯಾವ ಹೊಳೆಯಿಂದ ತೆಗೆದರು, ಜಲ್ಲಿ ಯಾವ ಗುಡ್ಡ ಒಡೆದು ತಂದರು ಅನ್ನುವುದಕ್ಕೆ ಮೀಟರ್ ಇಲ್ಲ. ಅಲ್ಲಿ ಕಾಗದ ಬೇಕು, ಸ್ಥಳಕ್ಕೆ ಹೋಗಿ ನೋಡುವ ಮನುಷ್ಯ ಬೇಕು. ಬರೆದ ಷರತ್ತನ್ನು ಪರೀಕ್ಷೆ ಮಾಡುವವರಿಲ್ಲದಿದ್ದರೆ ಪ್ರಾಮಾಣಿಕನಿಗೆ ಖರ್ಚು ಜಾಸ್ತಿ, ಸುಳ್ಳುಗಾರನಿಗೆ ಕಡಿಮೆ, ಟೆಂಡರ್ ಸುಳ್ಳುಗಾರನಿಗೇ. ಅದಕ್ಕೆ ನಾನು ಹೇಳುವುದು, ಅಳೆಯಲು ಆಗುವುದರಿಂದ ಶುರು ಮಾಡಿ.

ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ನಮ್ಮಂಥವರು ಎಲ್ಲಿ ಬರೆಯುವುದು ಆ ಸಾಲನ್ನು?"

ಅದಕ್ಕೇ ಹಂಚು ತಂದದ್ದು. ನಮ್ಮ ಊರಿನ ಶಾಲೆಯ ಒಂದು ಭಾಗದ ಹಂಚಿನ ಮಾಡು ಕೆಲವು ವರ್ಷದ ಹಿಂದೆ ಇಳಿಸಿ ತಗಡು ಹೊದಿಸಿದರು. ರೀಪು ಹಾಳಾಗಿತ್ತು, ಎಸ್ಟಿಮೇಟಿನಲ್ಲಿ ತಗಡು ಅಂತ ಬರೆದಿತ್ತು, ಟೆಂಡರ್ ಆಯಿತು. ಇಳಿಸಿದ ಹಂಚನ್ನು ಯಾರೋ ಲಾರಿಯಲ್ಲಿ ಕೊಂಡುಹೋದರು. ಏಪ್ರಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಯಲ್ಲಿ ಹತ್ತು ನಿಮಿಷ ಕೂತುಕೊಳ್ಳಲು ಆಗುವುದಿಲ್ಲ. ಜೂನಿನಲ್ಲಿ ಜೋರು ಮಳೆ ಹೊಡೆದರೆ ಟೀಚರು ಪಾಠ ನಿಲ್ಲಿಸಿ ಬೋರ್ಡಿನಲ್ಲಿ ಬರೆಯುತ್ತಾ ಹೋಗುತ್ತಾರೆ. ಮಾತು ಮೂರನೇ ಸಾಲಿನ ಮಕ್ಕಳಿಗೂ ಕೇಳುವುದಿಲ್ಲ.

ಈಗ ಉಳಿದ ಮೂರು ಕೋಣೆಯ ಸರದಿ. ಹೊಸ ಹಂಚೇ ಹಾಕಿ ಅಂತ ನಾನು ಕೇಳುತ್ತಿಲ್ಲ. ಅದಕ್ಕೂ ಗದ್ದೆಯ ಮಣ್ಣು, ಸೌದೆ ಬೇಕು ಅಂತ ಮೊದಲೇ ಹೇಳಿದೆ. ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು, ಎಸ್ಟಿಮೇಟ್ ತಯಾರಾಗುವ ಮೊದಲು ಈ ಸಾಲು ಸೇರಿಸಿ ಎಂದು ಕೇಳಿದ್ದೇವೆ: "ಇಳಿಸಿದ ಹಂಚುಗಳಲ್ಲಿ ಒಡೆಯದವನ್ನು ತೊಳೆದು ಅದೇ ಮಾಡಿಗೆ ಮತ್ತೆ ಹೊದಿಸಬೇಕು. ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಐಎಸ್ 654ರ ಹೊಸ ಹಂಚು." ಸಿಮೆಂಟಿಲ್ಲದೆ ಕೂತ ಹಂಚು, ಬಿಡಿಸಿದರೆ ಹಾಗೇ ಬರುತ್ತದೆ. ರೀಪು ಮಾತ್ರ ಹೊಸತು ಬೇಕು.

ಪಂಚಾಯತ್ ಅಧ್ಯಕ್ಷರು ಒಪ್ಪಿದ್ದಾರೆ. ಇಂಜಿನಿಯರ್ ಸಾಹೇಬರಿಗೆ ಇನ್ನೂ ಅನುಮಾನ ಇದೆ. ನೂರು ಹಂಚು ಇಳಿಸಿದರೆ ಎಷ್ಟು ಗಟ್ಟಿ ಉಳಿಯುತ್ತದೆ, ಅದನ್ನು ಅಳತೆ ಪುಸ್ತಕದಲ್ಲಿ ಹೇಗೆ ಬರೆಯುವುದು ಅಂತ ಕೇಳುತ್ತಿದ್ದಾರೆ. ಸರಿಯಾದ ಪ್ರಶ್ನೆ. ಬರುವ ಶನಿವಾರ ಒಂದು ಮೂಲೆಯ ಹಂಚು ಇಳಿಸಿ ಅವರ ಎದುರೇ ಎಣಿಸುತ್ತೇವೆ. ನಿಮ್ಮಲ್ಲಿ ನಾಲ್ಕು ಜನ ಬಂದರೆ ಕೆಲಸ ಬೇಗ ಆಗುತ್ತದೆ. ಈಗ ಆ ಹಂಚು ಹಿಂದಿನ ಬೆಂಚಿನಿಂದ ನನ್ನ ಕೈಗೆ ಕೊಡಿ, ಶನಿವಾರ ಅದೂ ಬೇಕು.